ಕಂತು ನಿಲ್ಲಿಸಲಿಲ್ಲ

ಅಪ್ಪಯ್ಯ,

ನೀವು ನೋಡದೇ ಹೋದ ಮೊಮ್ಮಗಳಿಗೆ ಹಲ್ಲು ಬರುತ್ತಿದೆ. ಅವಳೂ ಮಲಗುವುದಿಲ್ಲ, ನನ್ನನ್ನೂ ಬಿಡುವುದಿಲ್ಲ.

ಬೆಳಿಗ್ಗೆ ಅವಳಿಗೆ ರಾಗಿ ಮಣ್ಣಿ ತಿನ್ನಿಸುತ್ತಿದ್ದಾಗ ನಿಮ್ಮ ಅಳಿಯ ಕೀರ್ತನ್ ಮೊಬೈಲ್ ಹಿಡಿದುಕೊಂಡು ಬಂದರು. "ಯುದ್ಧ ಅಂಬ್ರ್, ಚುನಾವಣೆ ಅಂಬ್ರ್, ಶೇರೆಲ್ಲ ನೆಲ ಕಚ್ಚಿತ್ ಮಾರಾಯ್ತಿ. ಮಗಿನ ಹೆಸ್ರಿನ ಎಸ್‌ಐಪಿ ನಿಲ್ಸು. ಗಲಾಟಿ ಮುಗುದ್ಮೇಲೆ ಕಾಂಬ."

ಆ ತಿಂಗಳ ಕಂತನ್ನು ನಾನು ನಿಲ್ಲಿಸಲಿಲ್ಲ. ಅವಳು ಕಾಲೇಜಿಗೆ ಹೋಗಲು ಇನ್ನೂ ಹದಿನೇಳು ವರ್ಷವಿದೆ. ಅಷ್ಟರಲ್ಲಿ ಇಂಥ ಗಲಾಟೆ ಹತ್ತಾದರೂ ಬಂದು ಹೋಗುತ್ತವೆ.

"ನಿಂಗೆ ಹೆದ್ರಿಕಿ ಆತಿಲ್ಯಾ?" ಎಂದರು.

"ಆತ್ತ್. ಆದ್ರೂ ಹಾಕುದೇ."

ಕೊರೊನಾ ಬಂದ ವರ್ಷ ನಾನು ಬಿ.ಕಾಂ. ಓದುತ್ತಿದ್ದೆ. ಶೇರುಪೇಟೆ ಕುಸಿದದ್ದನ್ನು ಟಿವಿಯಲ್ಲಿ ನೋಡಿ ಹೆದರಿ, ಹೊಸ ಮನೆಗೆಂದು ನೀವು ಹತ್ತು ವರ್ಷ ಕಂತು ತುಂಬಿದ್ದ ಮ್ಯೂಚುವಲ್ ಫಂಡನ್ನು ನಷ್ಟದಲ್ಲೇ ತೆಗೆಸಿದೆ. "ಓದ್ದಳ್ ನೀನ್, ನೀ ಹೇಳ್ದಂಗೇ ಆಯ್ಲಿ" ಎಂದು ಒಂದೇ ಮಾತಿಗೆ ಒಪ್ಪಿದಿರಿ. ವರ್ಷದೊಳಗೆ ಪೇಟೆ ಮೊದಲಿಗಿಂತ ಮೇಲೇರಿತು. ನೀವು ಆ ಸುದ್ದಿ ಎತ್ತಲೇ ಇಲ್ಲ.

ಮರವಂತೆಯ ಕಡಲು ನಮ್ಮ ಎಷ್ಟೋ ತೆಂಗಿನಮರಗಳನ್ನು ಎಳೆದುಕೊಂಡಿದ್ದರೂ ನೀವು ಪ್ರತಿ ಮಳೆಗಾಲ ನಾಲ್ಕು ಸಸಿ ನೆಡುತ್ತಿದ್ದಿರಿ. ಪೇಟೆ ಏರಿದ ಮೇಲಿನ ಮಳೆಗಾಲದಲ್ಲೂ ನೆಟ್ಟಿರಿ. "ಬಾ ಹೆಣ್ಣೆ, ಗುಂಡಿ ತೋಡುವ. ಅದ್ಕೆ ಕಡ್ಲಿನ್ ಅಪ್ಪಣೆ ಕೇಂಬುದಾ?" ಎಂದು ಹಿತ್ತಲಿನಿಂದ ಕೂಗಿದಿರಿ. ನಿಮ್ಮ ದುಡ್ಡು ಕಳೆದ ನಾಚಿಕೆಯಿಂದ ನಾನು ಮೆಟ್ಟಿಲೂ ಇಳಿಯಲಿಲ್ಲ.

ಅಂದು ನೀವು ಒಬ್ಬರೇ ನೆಟ್ಟ ಸಸಿಗಳಲ್ಲಿ ಮೂರು ಈಗ ಮನೆಯ ಮಾಡಿನೆತ್ತರಕ್ಕೆ ಬಂದಿವೆ. ಈ ವರ್ಷದ ನಾಲ್ಕು ಗುಂಡಿಗಳನ್ನೂ ನಾನೇ ತೋಡಿದ್ದೇನೆ.