ಟೆಗಿಡ್‌ನ ತಂಗಿಗೆ ಒಪ್ಪುವ ಹೆಸರು

ಎಮ್ಲಿನ್,

ಒಲೆಯ ಮೇಲೆ ಕುರಿಮಾಂಸದ ಸಾರಿದೆ, ಬಿಸಿ ಮಾಡಿಕೋ. ಕೆಸರಿನ ಬೂಟು ಹೊರಗೇ ಬಿಡು. ಪಾಪುವಿನ ಹೆಸರು ಬರೆಸಲು ಮಕ್ಕಳಿಬ್ಬರನ್ನೂ ಕರೆದುಕೊಂಡು ಪೇಟೆಗೆ ಹೊರಟೆ. ನಿನ್ನ ಅಜ್ಜಿಯ ಹೆಸರು ‘ನೆಲ್’ ಇಡುವುದಿಲ್ಲ. ಮುಖ ಊದಿಸಬೇಡ.

ನಿನ್ನ ಮಗ ಟೆಗಿಡ್ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ನಿಂತು, ಮುಂದೆ ನಾನು ಇಬ್ಬರನ್ನೂ ಊಟಕ್ಕೆ ಕರೆಯುವ ಹಾಗೆಯೇ, “ಟೆಗಿಡ್! ನೆಲ್!” ಎಂದು ಬೆಟ್ಟದ ಕಡೆ ಕೂಗಿದ. ಪಕ್ಕದ ಮನೆಯ ಗ್ವಿಲಿಮ್‌ನ ಹೊಸ ಕುರಿನಾಯಿ ಗೋಡೆ ಹಾರಿ ಬಂತು! ಅದರ ಹೆಸರೂ ನೆಲ್ ಅಂತೆ.

“ಆ ಹೆಸ್ರು ಬೇಡಮ್ಮ, ತಂಗಿ ಊಟಾನೆಲ್ಲ ನಾಯಿ ತಿಂದ್ಬಿಡತ್ತೆ” ಅಂದ. ಆಮೇಲೆ, “ಟೆಗಿಡ್! ಹೆಲೆದ್!” ಎಂದು ಕೂಗಿದ. ಎಷ್ಟು ಚೆನ್ನಾಗಿ ಕೇಳಿಸಿತು ಗೊತ್ತೇನು! ಹೆಲೆದ್ ಅಂತಲೇ ಬರೆಸುತ್ತೇನೆ.

“ನಿನ್ನ ಹೆಸರೇ ಯಾಕೋ ಮೊದಲು?” ಎಂದು ರೇಗಿಸಿದೆ.

“ಬಾಗ್ಲು ನಾನೇ ತೆಗೀಬೇಕಲ್ಲಮ್ಮ. ಅವಳಿಗೆ ಚಿಲಕ ಎಟಕಲ್ಲ.”

— ಲೌರಿ