ಎಡಗೆನ್ನೆ ಮುಟ್ಟುವ ಹಾಗಿಲ್ಲ

ಭಾನುವಾರ, ಒಗೆದ ಬಟ್ಟೆ ಒಣಗುವಷ್ಟು ಹೊತ್ತಿನಲ್ಲಿ

ಕೆನ್ನೆ ಹಿಂಡುವ ವಿದ್ಯೆಯಲ್ಲಿ ಪಾರಂಗತರಾದ ಅತ್ತೆಯವರಿಗೆ, ಅಣ್ಣನ ಮಗಳ ದೀರ್ಘದಂಡ ನಮಸ್ಕಾರ.

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ಗುರುವಾರದಿಂದ ನನ್ನ ಕೆನ್ನೆಗಳನ್ನು ಹಿಂಡುವುದು, ಎಳೆಯುವುದು, ಮುದ್ದಿನ ನೆಪದಲ್ಲಿ ತಟ್ಟುವುದು ಕಟ್ಟುನಿಟ್ಟಾಗಿ ನಿಷಿದ್ಧ. ಅಂದು ನನ್ನ ಹೊಟ್ಟೆಯ ಕೊಬ್ಬನ್ನು ತೆಗೆದು, ಗುಳಿಬಿದ್ದ ಎಡಗೆನ್ನೆಗೆ ತುಂಬುತ್ತಾರೆ.

"ಸಿನಿಮಾದವರ ಚಾಳಿ ಇವಳಿಗ್ಯಾಕೆ" ಎಂದು ನೀವು ಅಪ್ಪನ ಹತ್ತಿರ ಅಂದಿರಂತೆ. ನನ್ನ ಕೊಬ್ಬು ಇಳಿಸಬೇಕು ಎಂದು ಚಿಕ್ಕಂದಿನಿಂದ ಹೇಳುತ್ತಾ ಬಂದವರು ನೀವೇ. ಈಗ ಇಳಿಸುವವರು ಸಿಕ್ಕಾಗ ಅಡ್ಡ ಬರುವುದು ನ್ಯಾಯವೇ?

ಡಾಕ್ಟರಮ್ಮ ಸುಲಭಕ್ಕೆ ಒಪ್ಪಿದವರಲ್ಲ. ಚರ್ಮದಡಿಯ ಕೊಬ್ಬನ್ನು ತಿಂದ ಆ ಕಾಯಿಲೆ ಪೂರ್ತಿ ನಿಂತಿದೆಯೇ ಎಂದು ಹೋದಾಗಲೆಲ್ಲ ಫೋಟೊ ತೆಗೆದು, ಹಳೆಯದರ ಪಕ್ಕ ಇಟ್ಟು ನೋಡಿದರು. ಕಾಯಿಲೆ ಇನ್ನೂ ಮೇಯುತ್ತಿದ್ದರೆ ಬಿತ್ತಿದ್ದೆಲ್ಲ ಅದರ ಪಾಲಂತೆ. ಆಮೇಲೆ ಸಿಗರೇಟಿನ ಪ್ರಶ್ನೆ ಬಂತು. ಸೇದುವವರಲ್ಲಿ ತುಂಬಿದ ಕೊಬ್ಬು ನಿಲ್ಲುವುದು ಕಷ್ಟವಂತೆ. ಪಕ್ಕದಲ್ಲೇ ಅಪ್ಪ ಕೂತಿದ್ದರು. ನಾನು ಸತ್ಯ ಹೇಳಿದೆ. ಆ ಸಂಜೆ ಮನೆಯಲ್ಲಿ ನಡೆದ ಮಹಾಯುದ್ಧದ ವರ್ಣನೆ ಇಲ್ಲಿ ಬೇಡ. ಸೋತವಳು ನಾನು. ಸಿಗರೇಟು ಬಿಟ್ಟೆ.

ನಿಮ್ಮ ಕೊಬ್ಬನ್ನೇ ಧಾರಾಳವಾಗಿ ಕೊಡಲು ಮುಂದಾಗಬೇಡಿ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲವಂತೆ.

ಅಪಾಯಗಳನ್ನೂ ಕೇಳಿಕೊಂಡೆ. ತುಂಬಿದ್ದರಲ್ಲಿ ಒಂದಷ್ಟು ಕರಗಿಯೇ ಹೋಗುತ್ತದೆ, ಇನ್ನೊಮ್ಮೆ ಮಾಡಬೇಕಾಗಬಹುದು. ಗಂಟಾಗಬಹುದು, ಕೀವಾಗಬಹುದು. ತೀರಾ ಅಪರೂಪಕ್ಕೆ ಕೊಬ್ಬು ರಕ್ತನಾಳಕ್ಕೆ ನುಗ್ಗಿ ಕಣ್ಣೇ ಹೋಗಬಹುದು. ಈ ಕೊನೆಯದರ ಮೇಲೆ ಒಂದು ತಮಾಷೆ ಕಟ್ಟಲು ತುಂಬ ಒದ್ದಾಡಿದೆ, ಆಗಲಿಲ್ಲ.

ಆದರೂ ಮಾಡಿಸಿಕೊಳ್ಳುತ್ತೇನೆ. ಡ್ರೈವಿಂಗ್ ಕಲಿಸುವವಳಿಗೆ ಎಡಗಡೆಯ ಸೀಟು. ಸ್ಟಿಯರಿಂಗ್ ಹಿಡಿದವರಿಗೆ ಕಾಣುವುದು ನನ್ನ ಬಲಗೆನ್ನೆ ಮಾತ್ರ. ನಾನು ಈ ಕೆಲಸ ಹುಡುಕಿಕೊಂಡಿದ್ದೇ ಅದಕ್ಕೆ. ರಸ್ತೆ ನಿಯಮಗಳ ತರಗತಿಯನ್ನೂ ತೆಗೆದುಕೊಳ್ಳಲು ಮಾಲೀಕರು ಕೇಳಿದಾಗಲೆಲ್ಲ ಗಂಟಲು ಸರಿಯಿಲ್ಲ ಎನ್ನುತ್ತಿದ್ದೆ. ಮೊನ್ನೆ ಒಪ್ಪಿಕೊಂಡೆ. ಕೆನ್ನೆ ತುಂಬಲಿ ಬಿಡಲಿ, ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ಪೂರ್ತಿ ಮುಖ ತೋರಿಸಿಯೇ ಪಾಠ ಮಾಡುತ್ತೇನೆ.

ಆದ್ದರಿಂದ ತಾವು ಆಕ್ಷೇಪಣೆಯನ್ನು ಹಿಂಪಡೆಯಬೇಕು. ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಬಂದು, ಕೈ ಹಿಂದಕ್ಕೆ ಕಟ್ಟಿಕೊಂಡು ಕೂರತಕ್ಕದ್ದು.

ಇಂತಿ, ತಮ್ಮ ಆಜ್ಞೆಯನ್ನು ಎಂದೂ ಪಾಲಿಸದ
ತರಲೆ

ಮರೆತ ಮಾತು: ಅತ್ತೆ, ಕಾಯಿಲೆ ಬಂದಾಗಿನಿಂದ ನೀನು ಬಲಗೆನ್ನೆ ಮಾತ್ರ ಹಿಂಡುತ್ತೀಯ. ಎಡಗಡೆಗೆ ಬಂದ ಕೈ ಹಾಗೇ ತಲೆ ಸವರಿ ವಾಪಸು ಹೋಗುತ್ತದೆ. ನನಗೆ ಗೊತ್ತಾಗಲ್ಲ ಅಂದುಕೊಂಡಿದ್ದೆಯಾ? ಡಾಕ್ಟರು ಇನ್ನು ಮುಟ್ಟಬಹುದು ಅಂದ ದಿನ ಮೊದಲು ನಿನಗೇ ಫೋನ್ ಮಾಡುತ್ತೇನೆ. ಎಡದಿಂದ ಶುರು ಮಾಡು. ನೋಯುವ ಹಾಗೇ ಹಿಂಡು.