ಮಬ್ರೂಕರ ನಗು ಯಾವ ತಿಂಗಳದು?

ತಪಾಸಣಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಕಚೇರಿಯ ಅಂತರ್ಜಾಲ ಪುಟದಲ್ಲಿ ಬೇಕರಿಯ ಮಬ್ರೂಕ್ ಇಂದಿಗೂ ಹಿಟ್ಟು ಬಚ್ಚಿಟ್ಟ ಕಳ್ಳ. ಅದು ಸುಳ್ಳೆಂದು ನನಗೆ ಗೊತ್ತು, ನನ್ನ ತರಗತಿಗೆ ಗೊತ್ತು, ನಿಮಗೂ ಗೊತ್ತು. ಮೂರು ಸಲ ಖಾಸಗಿಯಾಗಿ ಬರೆದೆ. ಇನ್ನು ಊರಿನೆದುರೇ ಬರೆಯುತ್ತೇನೆ.

ಚಿತ್ರ ನೋಡಿ ಎಲ್ಲರೂ ಕೂಡಿ ಮಾತಾಡುವ ಪಾಠ ನನ್ನದು. ಆ ವಾರ ಕಂಡ ಚಿತ್ರವನ್ನು ಮಕ್ಕಳೇ ತರುತ್ತಾರೆ. ಸೆಪ್ಟೆಂಬರ್ ಕೊನೆ, ಹಿಟ್ಟಿನ ಅಭಾವಕ್ಕೆ ಟುನೀಶಿಯಾದ ಊರೂರಲ್ಲಿ ಬ್ರೆಡ್ಡಿಗೆ ಸಾಲು. ಸಿರಾಜ್ ನಿಮ್ಮ ಪುಟದ ಫೋಟೊವನ್ನು ಹಾಳೆಯಲ್ಲಿ ಅಚ್ಚು ಹಾಕಿ ತಂದ: ರಾಶಿ ಚೀಲಗಳ ನಡುವೆ ನಗುವ ಮಬ್ರೂಕ್, ಕೆಳಗೆ "ಕಳ್ಳದಾಸ್ತಾನು ಪತ್ತೆ, ಅಂಗಡಿಗೆ ಬೀಗಮುದ್ರೆ." ಮಬ್ರೂಕರ ಮಗಳು ವಫಾ ಅದೇ ತರಗತಿಯಲ್ಲಿ ಕೂತಿದ್ದಳು. ಹಾಳೆಯನ್ನು ಮಡಚಿಡಬೇಕಿತ್ತು; ಇಡಲಿಲ್ಲ. ಆ ತಪ್ಪು ನನ್ನದೇ.

"ಏನು ಕಾಣ್ತಿದೆ?" ಎಂದೆ.

"ಕಳ್ಳ," ಎಂದ ಸಿರಾಜ್. "ನಮ್ಮಮ್ಮ ಎರಡು ಗಂಟೆ ನಿಂತು ಬರಿಗೈಲಿ ಬಂದ್ಲು. ಇವನು ನೋಡಿ, ಹಲ್ಲು ಕಿರೀತಿದ್ದಾನೆ!"

"ಕಳ್ಳ ಅಂತ ಯಾವುದನ್ನ ನೋಡಿ ಹೇಳಿದೆ?"

"ಕೆಳಗೆ ಬರೆದಿದ್ದಾರಲ್ಲ, ಟೀಚರ್."

"ಬರೆದಿದ್ದನ್ನ ಕೈಯಲ್ಲಿ ಮುಚ್ಚು. ಈಗ ಹೇಳು."

ಅವನು ಅಂಗೈಯಿಂದ ಅಕ್ಷರ ಮುಚ್ಚಿದ. ಲೈನಾ ಹತ್ತಿರ ಬಂದು ಬಗ್ಗಿ ನೋಡಿದಳು. "ಈ ಸೆಖೇಲಿ ಇವ್ರು ಉಣ್ಣೆ ನಿಲುವಂಗಿ ಹಾಕ್ಕೊಂಡ್ರೆ ಬೆಂದು ಹೋಗಲ್ವೇನೋ? ಕಿಟಕಿ ಆಚೆ ಬಾದಾಮಿ ಹೂ ಬಿಟ್ಟಿದೆ ನೋಡು. ಇದು ಫೆಬ್ರವರಿದು ಕಣೋ!"

ಆಗ ವಫಾ ಎದ್ದಳು. "ನಾನೇ ತೆಗೆದಿದ್ದು. ಆರು ಬೇಕರಿಗಳ ಹಿಟ್ಟು ನಮ್ಮಲ್ಲಿ ಇಳಿಸಿದ್ರು, ಸಂಜೆಯೊಳಗೆ ಹಂಚಿಬಿಟ್ರು. 'ಹಿಟ್ಟು ಬಂತು, ಬನ್ನಿ' ಅಂತ ಅಂಗಡಿ ಪುಟಕ್ಕೆ ಹಾಕಿದ್ದೆ. ನಗಪ್ಪಾ ಅಂತ ಹೇಳಿದ್ದೂ ನಾನೇ."

ನಿಮ್ಮವರು ಅಂಗಡಿಗೆ ದಾಳಿಯಿಟ್ಟ ದಿನ ಸಿಕ್ಕಿದ್ದು ಎರಡು ಚೀಲವೆಂದು ನಿಮ್ಮದೇ ವರದಿ ಹೇಳುತ್ತದೆ. ಎರಡೇ ಚೀಲದ ಫೋಟೊ ಜನರಿಗೆ ರುಚಿಸದೆಂದು ಮಗಳು ತೆಗೆದ ಹಳೆಯ ಫೋಟೊವನ್ನು ಎತ್ತಿಕೊಂಡಿರಾ? ಕೇಳಿದ್ದಕ್ಕೆ ನಿಮ್ಮ ಉತ್ತರ: "ಚಿತ್ರವು ಸಾಂಕೇತಿಕ." ಬಾಗಿಲಿಗೆ ಬಡಿದ ಮುದ್ರೆಯೂ ಸಾಂಕೇತಿಕವಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಐದು ವಾರ ಅಂಗಡಿ ಮುಚ್ಚಿತ್ತು. ಆಮೇಲೆ ನಿಮ್ಮವರು ಒಂದು ಕಾಗದ ಮುಂದಿಟ್ಟರು: ತಪ್ಪೊಪ್ಪಿಕೊಂಡರೆ ಮುದ್ರೆ ತೆಗೆಯುತ್ತೇವೆ. ಮಬ್ರೂಕ್ ಸಹಿ ಹಾಕಿದರು. "ಬರೀಬೇಡಿ ಟೀಚರ್, ಮತ್ತೆ ಮುಚ್ಚಿಸ್ತಾರೆ," ಎಂದು ಕೈ ಮುಗಿದು ಬೇಡಿಕೊಂಡರು. ನಾನು ಬಾಯಿ ಹೊಲಿದುಕೊಂಡೆ. ನೀವು ಆ ಸಹಿಯನ್ನೂ ಫೋಟೊದ ಕೆಳಗೆ ಅಂಟಿಸಿದಿರಿ.

ಈಗ ಒಲೆ ಉರಿಯುತ್ತದೆ, ಆದರೆ ಗಿರಾಕಿಗಳು ಪಕ್ಕದ ಬೀದಿಗೆ ಹೋಗುತ್ತಾರೆ. ಸಿರಾಜ್ ಬೇಡಿಕೊಂಡರೂ ಅವನ ತಾಯಿ ಮಬ್ರೂಕರಲ್ಲಿ ಬ್ರೆಡ್ ಕೊಳ್ಳುವುದಿಲ್ಲ: "ಅವನೇ ಒಪ್ಪಿಕೊಂಡಿದ್ದಾನಲ್ಲ!" ಇಪ್ಪತ್ತೆಂಟು ಮಕ್ಕಳು ಕಂಡುಕೊಂಡ ಸತ್ಯ ತರಗತಿಯ ಬಾಗಿಲು ದಾಟಲಾರದೆ ಅಲ್ಲೇ ಉಸಿರುಗಟ್ಟಿದೆ. ಕಳೆದ ವಾರ ಮಬ್ರೂಕರೇ ಶಾಲೆಗೆ ಬಂದರು. "ಬರೀರಿ. ತೆರೆದಿದ್ರೂ ಮುಚ್ಚಿದ ಹಾಗೇ ಇದೆ," ಎಂದರು.

ಆ ಫೋಟೊ ಅಳಿಸಿ. ಅದು ಯಾವ ದಿನದ್ದು, ಯಾರು ತೆಗೆದದ್ದು ಎಂದು ಅದೇ ಪುಟದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಸಹಿ ಹಾಕಿಸಿಕೊಂಡ ಕಾಗದ ಹಿಂತಿರುಗಿಸಿ. ವಫಾ ಈಗ ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲ. ಅಪ್ಪನನ್ನು ಸಿಕ್ಕಿಸಿದ್ದು ತಾನೇ ಎಂದು ನಂಬಿದ್ದಾಳೆ. ನೀನಲ್ಲವೆಂದು ನಾನು ಹೇಳಿದರೆ ಕೇಳುವುದಿಲ್ಲ. ನೀವೇ ಹೇಳಬೇಕು.

ಇಂತಿ,
ಮಕ್ಕಳಿಗೆ ನೋಡಲು ಕಲಿಸಿ, ಈಗ ಅವರ ಕಣ್ಣು ತಪ್ಪಿಸಿ ಓಡಾಡುವ ಚಿತ್ರಕಲಾ ಶಿಕ್ಷಕಿ,
ಮುನೀರಾ